ಉದ್ದದ ಇಂಗ್ಲಿಷ್ ಪದ: ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಬೇಕು?

ಪ್ರಶ್ನೆ: ಮೇಡಂ, ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಕೆಲಸದಲ್ಲಿ ದಿನಾ ಹೊರದೇಶದವರ ಜೊತೆ ಫೋನಲ್ಲಿ ಮಾತಾಡಬೇಕು. ನಿನ್ನೆ ‘ಡೆವಲಪ್‌ಮೆಂಟ್’ ಅಂದೆ, ಆ ಕಡೆಯವರು ಎರಡು ಸಲ ಏನು ಏನು ಅಂತ ಕೇಳಿದರು. ಸ್ಪೆಲ್ಲಿಂಗ್ ಗೊತ್ತು, ಅರ್ಥ ಗೊತ್ತು, ಮತ್ತೆ ಯಾಕೆ ಹೀಗೆ?

ಉತ್ತರ: ನೀವು ‘ಡೆ’ ಮೇಲೆ ಒತ್ತಿರುತ್ತೀರಿ, ನಮ್ಮಲ್ಲಿ ಬಹಳ ಜನ ಹಾಗೇ ಹೇಳುತ್ತಾರೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಇಂಗ್ಲಿಷಿನವರು ಒಂದು ತುಂಡನ್ನು ಮಾತ್ರ ಎತ್ತಿ, ಸ್ವಲ್ಪ ಎಳೆದು ಹೇಳಿ ಅಕ್ಕಪಕ್ಕದ್ದನ್ನು ಅರ್ಧ ನುಂಗಿಬಿಡುತ್ತಾರೆ, ಅವರ ಕಿವಿ ಆ ಎತ್ತಿದ ತುಂಡನ್ನೇ ಕಾಯುತ್ತಿರುತ್ತದೆ. ಡಿ-ವೆ-ಲಪ್-ಮೆಂಟ್ ಅನ್ನಿ. ಒತ್ತು ‘ವೆ’ಗೆ. ‘ಡಿ’ ಸುಮ್ನೆ ತಾಗಿ ಹೋಗಲಿ.

ತುಂಡು, ಅಂದರೆ ಸಿಲಬಲ್, ಎಷ್ಟು ಅಂತ ತಿಳಿಯಲು ಗದ್ದದ ಕೆಳಗೆ ಕೈ ಇಟ್ಟುಕೊಂಡು ನಿಧಾನವಾಗಿ ಹೇಳಿ. ಹೆಚ್ಚುಕಡಿಮೆ ಗದ್ದ ಇಳಿದಷ್ಟು ಸಲ ಸಿಲಬಲ್. ಬರೆದದ್ದನ್ನು ನೋಡಿ ಎಣಿಸಬೇಡಿ. ‘ಕಂಫರ್ಟಬಲ್’ ನಾಲ್ಕು ತುಂಡಿನ ಹಾಗೆ ಕಾಣುತ್ತದೆ, ಬಾಯಲ್ಲಿ ಸಾಮಾನ್ಯವಾಗಿ ಮೂರೇ: ಕಂಫ್-ಟ-ಬಲ್.

ಒತ್ತು ಹುಡುಕಲು ಪದದ ಬಾಲ ನೋಡಿ. ಕೊನೆಯಲ್ಲಿ ‘ಷನ್’, ‘ಇಟಿ’, ‘ಇಕ್’ ಇದ್ದರೆ ಸಾಮಾನ್ಯವಾಗಿ ಅದರ ಹಿಂದಿನ ತುಂಡಿಗೇ ಒತ್ತು. ಎಲೆಕ್ಟ್ರಿಸಿಟಿಯಲ್ಲಿ ‘ಟ್ರಿ’ಗೆ, ರೆಸ್ಪಾನ್ಸಿಬಿಲಿಟಿಯಲ್ಲಿ ‘ಬಿ’ಗೆ. ಫೋಟೊಗ್ರಾಫ್ ಅಂದಾಗ ಮೊದಲನೆಯ ತುಂಡು, ಫ-ಟಾ-ಗ್ರ-ಫರ್ ಅಂದಾಗ ಎರಡನೆಯದು, ಫೋಟೊಗ್ರಾಫಿಕ್ ಅಂದಾಗ ಮೂರನೆಯದು. ಒಂದೇ ಮನೆಯ ಪದಗಳು, ಒತ್ತು ಮಾತ್ರ ಜಾಗ ಬದಲಿಸುತ್ತಾ ಹೋಗುತ್ತದೆ, ನನಗೆ ಪಾಠ ಮಾಡಲು ತುಂಬಾ ಇಷ್ಟವಾದ ಉದಾಹರಣೆ ಇದು. ಪಾಲಿಟಿಕ್ಸ್ ಮಾತ್ರ ಈ ಮಾತು ಕೇಳುವುದಿಲ್ಲ, ಅಲ್ಲಿ ಒತ್ತು ‘ಪಾ’ಗೇ.

ಇನ್ನೊಬ್ಬರ ಪ್ರಶ್ನೆ: ಡಿಕ್ಷನರಿಯಲ್ಲಿ ಪದದ ನಡುನಡುವೆ ಚುಕ್ಕೆ ಇರುತ್ತಲ್ಲ ಮೇಡಂ, ಅಲ್ಲೇ ಒಡೆದು ಹೇಳಬೇಕಾ?

ಉತ್ತರ: ಬೇಡ. ಎಷ್ಟೋ ಡಿಕ್ಷನರಿಗಳಲ್ಲಿ ಆ ಚುಕ್ಕೆ ಇರುವುದು ಸಾಲಿನ ಕೊನೆಯಲ್ಲಿ ಪದ ಮುರಿದು ಬರೆಯುವವರಿಗೆ. ಪಕ್ಕದಲ್ಲಿ ಎರಡು ಓರೆಗೆರೆಗಳ ನಡುವೆ ಉಚ್ಚಾರಣೆ ಕೊಟ್ಟಿರುತ್ತಾರೆ, ಅದನ್ನು ನೋಡಿ. ಅಲ್ಲಿ ಮೇಲ್ಗಡೆ ಒಂದು ಪುಟ್ಟ ನಿಂತ ಗೆರೆ ಇರುತ್ತದೆ, ಅದರ ಮುಂದೆ ಬರುವ ತುಂಡನ್ನು ಒತ್ತಬೇಕು. ‘ರೆಕಾರ್ಡ್’ ತೆಗೆದು ನೋಡಿ. ನಾಮಪದಕ್ಕೆ ಗೆರೆ ಮೊದಲಲ್ಲೇ ಇರುತ್ತದೆ, ಕ್ರಿಯಾಪದಕ್ಕೆ ಎರಡನೆಯ ತುಂಡು ಶುರುವಾಗುವ ಮೊದಲು. ಹಾಗಂತ ಎಲ್ಲದಕ್ಕೂ ಹೀಗೆ ಅಲ್ಲ, ‘ರಿಪೋರ್ಟ್’ ನಾಮಪದವಾದರೂ ಕ್ರಿಯಾಪದವಾದರೂ ಒತ್ತು ‘ಪೋ’ ಮೇಲೇ.