ಅಮೆರಿಕದಲ್ಲಿ ಸ್ಪೀಕರ್ ಆರಿಸಲು 15 ಸುತ್ತು ಯಾಕೆ ಬೇಕಾಯಿತು?

ಪ್ರಶ್ನೆ: 2023ರ ಜನವರಿಯಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿಗಳ ಸಭೆಯಲ್ಲಿ ರಿಪಬ್ಲಿಕನ್ನರು 222 ಮಂದಿ, ಅಂದರೆ ಬಹುಮತದಲ್ಲೇ ಇದ್ದರು. ಆದರೂ ಆ ಪಕ್ಷದ ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು ಅಷ್ಟು ಒದ್ದಾಡಿದ್ದು ಯಾಕೆ? ಜಾಸ್ತಿ ಮತ ಬಂದವರು ಗೆದ್ದಂತೆ ಅಲ್ವಾ?

ಉತ್ತರ 1: ಅಲ್ಲ. ಹೆಸರು ಹೇಳಿ ಹಾಕಿದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಮೊದಲ ಸುತ್ತಿನಲ್ಲಿ ಡೆಮಾಕ್ರಟಿಕ್ ಪಕ್ಷದ ಹಕೀಮ್ ಜೆಫ್ರೀಸ್‌ಗೆ 212, ಮೆಕಾರ್ಥಿಗೆ 203. ಅವರದೇ ಪಕ್ಷದ 19 ಮಂದಿ ಬೇರೆ ಹೆಸರು ಹೇಳಿದ್ದರು.

ನಾನು ನೇರಪ್ರಸಾರ ನೋಡುತ್ತಿದ್ದೆ. ನನಗೆ ಬೇಸರ ತಂದದ್ದು ಇದು: ಸ್ಪೀಕರ್ ಇಲ್ಲದೆ ಸದಸ್ಯರ ಪ್ರಮಾಣವಚನವೇ ಆಗುವುದಿಲ್ಲ. ಜನ ಆರಿಸಿ ಕಳಿಸಿದವರು ಸುಮ್ನೆ ಕೂತಿದ್ದರು. ಕೆಲವರ ಮಡಿಲಲ್ಲಿ ಪುಟ್ಟ ಮಕ್ಕಳು ಬೇರೆ. ಕೊನೆಗೆ 6 ಮಂದಿ ಯಾರ ಹೆಸರನ್ನೂ ಹೇಳದೆ ‘ಹಾಜರ್’ ಎಂದರು. ಬೇಕಾದ ಸಂಖ್ಯೆ ಇಳಿಯಿತು. 216 ಮತಕ್ಕೆ ಮೆಕಾರ್ಥಿ ಗೆದ್ದರು.

ಉತ್ತರ 2: ಇದು ದಾಖಲೆಯೇನಲ್ಲ. 1855ರ ಡಿಸೆಂಬರ್‌ನಲ್ಲಿ ಶುರುವಾದ ಆಯ್ಕೆ 1856ರ ಫೆಬ್ರುವರಿವರೆಗೆ ಎಳೆಯಿತು. 133 ಸುತ್ತು! ಗುಲಾಮಗಿರಿಯ ಜಗಳ ಸದನವನ್ನೇ ಸೀಳಿತ್ತು.

ಪ್ರಶ್ನೆ ಕೇಳಿದವರು: ಪಟ್ಟು ಹಿಡಿದವರಿಗೆ ಏನು ಸಿಕ್ಕಿತು?

ಉತ್ತರ 1: ಒಬ್ಬೇ ಒಬ್ಬ ಸದಸ್ಯ ಕೂಡ ಸ್ಪೀಕರ್ ಪದಚ್ಯುತಿಗೆ ನಿರ್ಣಯ ತರಬಹುದು ಎಂಬ ನಿಯಮ. ಇಂಥ ಷರತ್ತಿಗೆ ಒಪ್ಪಬಾರದಿತ್ತು ಅಂತ ನನಗೆ ಅವತ್ತೇ ಅನ್ನಿಸಿತ್ತು. ಅದೇ ವರ್ಷದ ಅಕ್ಟೋಬರ್ 3ರಂದು 216–210 ಮತಗಳಿಂದ ಮೆಕಾರ್ಥಿಯವರನ್ನು ಇಳಿಸಿದರು. ಹಾಗೆ ಇಳಿಸಿದವರಲ್ಲಿ 8 ಮಂದಿ ರಿಪಬ್ಲಿಕನ್ನರು. ಮುಂದೆ ಪಕ್ಷ ಸ್ಪೀಕರ್ ಸ್ಥಾನಕ್ಕೆ ಆರಿಸಿದ ಮೂರು ಹೆಸರು ಬಿದ್ದುಹೋದ ಮೇಲೆ, 25ರಂದು ಮೈಕ್ ಜಾನ್ಸನ್ ಆಯ್ಕೆಯಾದರು.