ಹಳೆಯ ಮಾರುತಿ 800: ಎರಡು ಬಾರಿ ಪ್ಯಾಕಿಂಗ್ ಬದಲಿಸಿದರೂ ನಿಲ್ಲದ ಎಂಜಿನ್ ಆಯಿಲ್ ಸೋರಿಕೆ

ಪ್ರಶ್ನೆ (ಬನಶಂಕರಿ ಎರಡನೇ ಹಂತದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1997ರಲ್ಲಿ ಕೊಂಡ ಮಾರುತಿ 800 ಕಾರು ಇಂದಿಗೂ ನಮ್ಮ ಮನೆಯಲ್ಲಿದೆ. ಕಾರ್ಬ್ಯುರೇಟರ್ ಇರುವ, 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್. ಓಡಿರುವುದು 1,12,000 ಕಿಲೋಮೀಟರ್. ಈಗ ಅದರ ಓಡಾಟವೆಲ್ಲ ಜಯನಗರ, ಬಸವನಗುಡಿಯ ಒಳಗೇ, ಒಂದು ಸಲಕ್ಕೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚಿಲ್ಲ.

ಕಳೆದ ಮಳೆಗಾಲದಿಂದ ಕಾರು ನಿಲ್ಲಿಸಿದ ಜಾಗದಲ್ಲಿ ಆಯಿಲ್ ತೊಟ್ಟಿಕ್ಕುತ್ತಿದೆ. ಮೊದಲು ಬೆಳಗ್ಗೆ ಎರಡು ಮೂರು ಹನಿ ಕಾಣುತ್ತಿತ್ತು, ಈಗ ಅಂಗೈಯಗಲದ ಕಲೆಯಾಗುತ್ತಿದೆ. ಮನೆಯ ಹತ್ತಿರದ ಗ್ಯಾರೇಜಿನವರು ಟ್ಯಾಪೆಟ್ ಕವರಿನ (ಎಂಜಿನ್ನಿನ ಮೇಲಿನ ಮುಚ್ಚಳದ) ಪ್ಯಾಕಿಂಗ್, ಅಂದರೆ ಆಯಿಲ್ ಸೋರದಂತೆ ಸಂದಿಯಲ್ಲಿ ಕೂರಿಸುವ ರಬ್ಬರ್ ಪಟ್ಟಿ, ಹೋಗಿದೆ ಎಂದು ಬದಲಿಸಿದರು. ಒಂದು ತಿಂಗಳಲ್ಲಿ ಮತ್ತೆ ಸೋರಿತು. ಎರಡನೆಯ ಬಾರಿ ಪ್ಯಾಕಿಂಗಿನ ಜೊತೆಗೆ ಸುತ್ತಲೂ ಸಿಲಿಕೋನ್ ಪೇಸ್ಟ್ ಹಚ್ಚಿ ಕೂರಿಸಿದರು, ಅದರಿಂದಲೂ ಪ್ರಯೋಜನವಾಗಲಿಲ್ಲ. ಈಗ ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಿದರೆ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿಯಿಂದ ಆಯಿಲ್ ಬೀಳುತ್ತಿರುವುದರಿಂದ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡದ) ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು, ಒಂಬತ್ತು ಸಾವಿರ ರೂಪಾಯಿಯಾಗುತ್ತದೆ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಹಾಸನಕ್ಕೆ ಹೋಗುವುದಿದೆ. ಗೇರ್‌ಬಾಕ್ಸ್ ಇಳಿಸಲು ಒಪ್ಪಿಕೊಳ್ಳಬೇಕೇ? ಅದಕ್ಕೂ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ (ರಾಜಾಜಿನಗರದಿಂದ)

ದಯವಿಟ್ಟು ಈಗಲೇ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ಆಯಿಲ್ ಬೀಳುವ ಜಾಗವೇ ಬೇರೆ, ಹೊರಡುವ ಜಾಗವೇ ಬೇರೆ. ಹೆಡ್ಡಿನ (ಎಂಜಿನ್ನಿನ ಮೇಲಿನ ಭಾಗದ) ಮೇಲಿಂದ ಹೊರಟ ಒಂದು ಎಳೆ ಬ್ಲಾಕಿನ ಅಂಚು ಹಿಡಿದು ಇಳಿದು, ಎಂಜಿನ್ನಿಗೆ ಗೇರ್‌ಬಾಕ್ಸ್ ಕೂಡುವ ಕಡೆಯ ಕವಚವಾದ ಬೆಲ್ ಹೌಸಿಂಗಿನ ಸಂದಿಗೆ ಸೇರಿ, ಅಲ್ಲಿಂದ ನೆಲಕ್ಕೆ ಬೀಳುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ಕ್ರ್ಯಾಂಕ್ ಸೀಲಿನ ಸೋರಿಕೆಯಂತೆಯೇ ತೋರುತ್ತದೆ. ಕಾರು ಓಡುವಾಗಿನ ಗಾಳಿ ಆ ಎಳೆಯನ್ನು ಹಿಂದಕ್ಕೂ ಪಕ್ಕಕ್ಕೂ ಸವರುವುದರಿಂದ, ವರ್ಷಗಟ್ಟಲೆ ಧೂಳು ಕುಳಿತ ಎಂಜಿನ್ನಿನಲ್ಲಿ ಮೂಲವನ್ನು ಬರಿಗಣ್ಣಿನಿಂದ ಹೇಳುವುದು ಅನುಭವಿಗಳಿಗೂ ಕಷ್ಟ. ನಿಮ್ಮ ವಿಷಯದಲ್ಲಿ ಎರಡು ಬಾರಿ ರಿಪೇರಿ ನಡೆದಿದೆ, ಆದರೆ ನೀವು ಬರೆದಿರುವುದನ್ನು ನೋಡಿದರೆ ಒಮ್ಮೆಯೂ ಎಂಜಿನ್ನನ್ನು ತೊಳೆದು ನೋಡಿದಂತಿಲ್ಲ.

ಬೀಳುತ್ತಿರುವುದು ಎಂಜಿನ್ ಆಯಿಲೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟನ್ನು ಹಾಸಿ, ಮುಂದಿನ ಚಕ್ರಗಳು ಎಲ್ಲಿವೆ ಎಂದು ಪೆನ್ನಿನಿಂದ ಗುರುತು ಮಾಡಿ. ಬೆಳಗ್ಗೆ ಹನಿ ಎಲ್ಲಿದೆ, ಯಾವ ಬಣ್ಣದ್ದು, ಯಾವ ವಾಸನೆಯದ್ದು ಎಂದು ನೋಡಿ. ಬಳಸಿದ ಎಂಜಿನ್ ಆಯಿಲ್ ಕಪ್ಪು ಅಥವಾ ಕಂದಾಗಿ ಇರುತ್ತದೆ. ಗೇರ್ ಆಯಿಲ್ ಅದಕ್ಕಿಂತ ಮಂದ, ಗಂಧಕದಂಥ ಘಾಟು ವಾಸನೆಯಿಂದ ಥಟ್ಟನೆ ಗೊತ್ತಾಗುತ್ತದೆ. ಅದು ಗೇರ್ ಆಯಿಲೇ ಆಗಿದ್ದರೆ ನಾವು ಮಾತಾಡಬೇಕಾದ ಸೀಲ್ ಬೇರೆಯೇ.

ಆಮೇಲೆ ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಯಲಿನಲ್ಲಿ, ಹತ್ತಿರದಲ್ಲಿ ಬೆಂಕಿಯ ಸುಳಿವೂ ಇಲ್ಲದಂತೆ ನೋಡಿಕೊಂಡು, ಸೀಮೆಎಣ್ಣೆ ಅಥವಾ ಡೀಗ್ರೀಸರ್ ಮತ್ತು ಗಟ್ಟಿ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ತಿಕ್ಕಿ ತೆಗೆಯಿರಿ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ), ಆಲ್ಟರ್ನೇಟರ್, ಕಾರ್ಬ್ಯುರೇಟರುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ವಾಟರ್ ಸರ್ವಿಸಿನವರ ಜೋರು ಪೈಪಿಗೆ ಒಡ್ಡಬೇಡಿ. ಒರೆಸಿ, ಸೀಮೆಎಣ್ಣೆಯೆಲ್ಲ ಆರಿಹೋಗಲು ಒಂದು ದಿನ ಬಿಟ್ಟ ಮೇಲೆ ಮೈಗೆ ಹಚ್ಚುವ ಸಾಮಾನ್ಯ ಟಾಲ್ಕಂ ಪೌಡರನ್ನು ಅನುಮಾನವಿರುವ ಜಾಗಗಳಲ್ಲೆಲ್ಲ ತೆಳ್ಳಗೆ ಉದುರಿಸಿ: ಟ್ಯಾಪೆಟ್ ಕವರಿನ ಅಂಚು, ಡಿಸ್ಟ್ರಿಬ್ಯೂಟರಿನ ಬುಡ, ಫ್ಯೂಯೆಲ್ ಪಂಪಿನ ಬುಡ, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್ ಕೂರುವ ಜಾಗ, ಬೆಲ್ ಹೌಸಿಂಗಿನ ಮೇಲ್ಭಾಗ. ನಂತರ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ. ಮನೆಯ ಸುತ್ತಲಿನ ನಾಲ್ಕು ಕಿಲೋಮೀಟರ್ ಸಾಲದು. ಆಯಿಲ್ ಚೆನ್ನಾಗಿ ಕಾದು ತೆಳುವಾದಾಗಲೇ ಸಣ್ಣ ಸಂದುಗಳಿಂದ ಹೊರಬರುತ್ತದೆ. ವಾಪಸು ಬಂದು ಟಾರ್ಚ್ ಬಿಟ್ಟು ನೋಡಿ. ಬಿಳಿಯ ಪುಡಿಯ ಮೇಲೆ ಒದ್ದೆಯ ಗೆರೆ ಎದ್ದು ಕಾಣುತ್ತದೆ. ಆ ಗೆರೆಯ ಅತ್ಯಂತ ಮೇಲಿನ ತುದಿಯೇ ನಿಮಗೆ ಬೇಕಾದದ್ದು.

ಕಾರಿನ ಕೆಳಗೆ ಹೋಗುವುದಾದರೆ ಬರೀ ಜಾಕಿಯನ್ನು ನಂಬಿ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಕಲ್ಲಿಟ್ಟು ಹೋಗಿ.

ಉತ್ತರ (ಮಲ್ಲೇಶ್ವರದಿಂದ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ತೊಳೆಯುವುದಕ್ಕೂ ಮೊದಲು ಐದು ನಿಮಿಷದ ಒಂದು ಪರೀಕ್ಷೆಯಿದೆ. ಪದೇ ಪದೇ ಹೊಸ ಪ್ಯಾಕಿಂಗ್ ಹಾಕಿದರೂ ಸೋರುವ ಎಂಜಿನ್ನಿನಲ್ಲಿ ನಾನು ಮೊದಲು ಅನುಮಾನಿಸುವುದು ಬ್ರೀದರನ್ನು, ಅಂದರೆ ಎಂಜಿನ್ನಿನೊಳಗಿನ ಅನಿಲ ಹೊರಹೋಗುವ ದಾರಿಯನ್ನು. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುವುದು ಎಲ್ಲ ಎಂಜಿನ್ನುಗಳಲ್ಲೂ ಇದ್ದದ್ದೇ. ಅದು ಹೊರಹೋಗಲು ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರ್ ಕಡೆಗೆ ಒಂದು ರಬ್ಬರ್ ಹೋಸ್ ಇರುತ್ತದೆ. ಆ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಸೀಲ್ ದುರ್ಬಲವಾಗಿದೆಯೋ ಅಲ್ಲಿಂದ ಆಯಿಲನ್ನು ಹೊರಕ್ಕೆ ದೂಡುತ್ತದೆ. ನಾಲ್ಕೈದು ಕಿಲೋಮೀಟರಿನ ಓಡಾಟವೆಂದು ನೀವು ಬರೆದಿರುವುದೇ ನನ್ನ ಅನುಮಾನಕ್ಕೆ ಕಾರಣ. ಅಷ್ಟರಲ್ಲಿ ಎಂಜಿನ್ ಪೂರ್ತಿ ಕಾಯುವುದಿಲ್ಲ, ಒಳಗಿನ ನೀರಿನ ಅಂಶ ಆವಿಯಾಗಿ ಹೋಗುವುದಿಲ್ಲ, ಆಯಿಲಿನೊಂದಿಗೆ ಬೆರೆತು ಮಜ್ಜಿಗೆಯ ಬಣ್ಣದ ಜಿಡ್ಡಾಗಿ ಹೋಸಿನೊಳಗೆ ಕೂರುತ್ತದೆ.

ಹೋಸನ್ನು ಬಿಚ್ಚಿ ಬಾಯಿಯಿಂದಲ್ಲ, ಪಂಪಿನಿಂದ ಗಾಳಿ ಊದಿ ನೋಡಿ. ಗಾಳಿ ಹಾಯದಿದ್ದರೆ ಅಥವಾ ರಬ್ಬರ್ ಬಿರಿದಿದ್ದರೆ ಹೊಸದನ್ನು ಹಾಕಿ. ಅದನ್ನು ಮತ್ತೆ ಜೋಡಿಸಿ, ಎಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ. ಒಂದಿಷ್ಟು ಹೊಗೆಯಾಡುವುದು ಸಹಜ. ಬುಸುಗುಟ್ಟಿ ಹೊಗೆ ಚಿಮ್ಮಿದರೆ ರಿಂಗುಗಳೇ ಸವೆದಿರಬಹುದು, ಆಗ ಸಿಲಿಂಡರುಗಳೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಸಬೇಕು.

ಸಿಲಿಕೋನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ರಬ್ಬರ್ ಪ್ಯಾಕಿಂಗಿನ ಸುತ್ತಲೂ ಅದನ್ನು ಮೆತ್ತುವುದು ತಪ್ಪು ಪದ್ಧತಿ. ಹೆಚ್ಚಾದದ್ದು ಒಳಗೂ ಉಬ್ಬಿ, ಚೂರಾಗಿ ಕಳಚಿ, ಆಯಿಲ್ ಪಂಪಿನ ಜಾಲರಿಗೆ ಸೇರಿಕೊಂಡರೆ ಬೇರಿಂಗುಗಳಿಗೆ ಆಯಿಲ್ ಸಿಗದಂತಾಗುತ್ತದೆ. ಕವರನ್ನು ಇನ್ನೊಮ್ಮೆ ಬಿಚ್ಚಿ ಅದನ್ನೆಲ್ಲ ಕೆರೆದು ತೆಗೆಯುವುದೇ ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹನಿ ಎಂಜಿನ್ ಆಯಿಲಿನದ್ದೇ, ಘಾಟು ವಾಸನೆಯಿಲ್ಲ. ಬ್ರೀದರ್ ಹೋಸನ್ನು ಬಿಚ್ಚಿದಾಗ ಒಳಗೆ ನಿಜಕ್ಕೂ ಮಜ್ಜಿಗೆ ಬಣ್ಣದ ಜಿಡ್ಡು ತುಂಬಿತ್ತು, ಗಾಳಿ ಹಾಯುತ್ತಲೇ ಇರಲಿಲ್ಲ. ಜೆ.ಸಿ. ರಸ್ತೆಯಲ್ಲಿ ಹೊಸ ಹೋಸ್ ಸಿಕ್ಕಿತು. ಮುಚ್ಚಳ ಸಡಿಲಿಸಿ ನೋಡಿದಾಗ ಸ್ವಲ್ಪವೇ ಹೊಗೆ ಬಂತು.

ಶನಿವಾರವಿಡೀ ಎಂಜಿನ್ ತೊಳೆದು, ಭಾನುವಾರ ಸಂಜೆ ಪೌಡರ್ ಹಾಕಿ, ಕನಕಪುರ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ ಬಂದೆ. ಟ್ಯಾಪೆಟ್ ಕವರಿನ ಸುತ್ತ ಪುಡಿ ಒಣಗಿಯೇ ಇದೆ. ಹೆಡ್ಡಿನ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ, ಡಿಸ್ಟ್ರಿಬ್ಯೂಟರಿನ ಬುಡದಿಂದ, ಒಂದು ಬೆರಳಗಲದ ಒದ್ದೆ ಗೆರೆ ಹೊರಟು ನೇರವಾಗಿ ಬೆಲ್ ಹೌಸಿಂಗಿನ ಮೇಲಕ್ಕೆ ಇಳಿದಿದೆ. ಅದಕ್ಕಿಂತ ಮೇಲೆ ಎಲ್ಲಿಯೂ ಒದ್ದೆಯಿಲ್ಲ. ಹಾಗಾದರೆ ಕ್ರ್ಯಾಂಕ್ ಸೀಲ್ ಚೆನ್ನಾಗಿದೆ ಎಂದು ತಿಳಿಯಬಹುದೇ?

ಉತ್ತರ (ರಾಜಾಜಿನಗರದಿಂದ)

ಇಷ್ಟು ತಾಳ್ಮೆಯಿಂದ ಮಾಡಿದ್ದಕ್ಕೆ ನಿಜವಾಗಿಯೂ ಸಂತೋಷವಾಯಿತು. ಕ್ರ್ಯಾಂಕ್ ಸೀಲ್ ಚೆನ್ನಾಗಿದೆ ಎಂದು ಈಗಲೇ ಹೇಳಲಾಗದು, ಆದರೆ ಹಾಳಾಗಿದೆ ಎನ್ನುವುದಕ್ಕೂ ಆಧಾರ ಉಳಿದಿಲ್ಲ. ಹಿಂದಿನ ಸೀಲ್ ಜೋರಾಗಿ ಸೋರಿದ್ದರೆ ಆಯಿಲ್ ಕ್ಲಚ್ ಪ್ಲೇಟಿಗೂ ತಾಗಿ, ಏರಿನಲ್ಲಿ ಕ್ಲಚ್ ಜಾರುವ ಸಾಧ್ಯತೆಯಿತ್ತು; ನೀವು ಅಂಥ ತೊಂದರೆಯನ್ನು ಹೇಳಿಲ್ಲ. ಕಂಡ ಸೋರಿಕೆಯನ್ನು ಮೊದಲು ನಿಲ್ಲಿಸಿ, ಆಮೇಲೂ ಬೆಲ್ ಹೌಸಿಂಗಿನ ಕೆಳಗೆ ಹನಿ ಬಿದ್ದರೆ ಮಾತ್ರ ಅದರ ಚಿಂತೆ ಮಾಡೋಣ.

ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನಿಂದಲೇ ತಿರುಗುವುದರಿಂದ ಅದರ ಬುಡದವರೆಗೂ ಆಯಿಲ್ ಬರುತ್ತದೆ, ಅದನ್ನು ತಡೆಯುವುದು ಒಂದು ಓ-ರಿಂಗ್ (ರಬ್ಬರ್ ಬಳೆ). ಇಷ್ಟು ವರ್ಷ ಹೆಡ್ಡಿನ ಬಿಸಿ ತಿಂದ ರಬ್ಬರ್ ಗಟ್ಟಿಯಾಗಿ, ಚಪ್ಪಟೆಯಾಗಿ, ಪ್ಲಾಸ್ಟಿಕ್ ಬಳೆಯಂತಾಗಿರುತ್ತದೆ. ಡಿಸ್ಟ್ರಿಬ್ಯೂಟರ್ ಕೂರುವ ಕೇಸು ಹೆಡ್ಡಿಗೆ ಜೋಡಣೆಯಾಗುವ ಜಾಗವನ್ನೂ ಬೆರಳಿನಿಂದ ಸವರಿ ನೋಡಿ. ಅಲ್ಲಿಯೂ ಒದ್ದೆಯಿದ್ದರೆ ಎರಡನ್ನೂ ಒಟ್ಟಿಗೆ ಮಾಡಿ.

ಬಿಚ್ಚುವಾಗ ಎಚ್ಚರ ಬೇಕಾದದ್ದು ಇಗ್ನಿಷನ್ ಟೈಮಿಂಗಿನ (ಕಿಡಿ ಹಾರುವ ಸರಿಯಾದ ಹೊತ್ತಿನ) ವಿಷಯದಲ್ಲಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಕ್ಯಾಪ್ ತೆಗೆದು ಒಳಗಿನ ರೋಟರ್ ಯಾವ ಕಡೆಗೆ ಮುಖ ಮಾಡಿದೆ ಎಂದು ಫೋಟೊ ತೆಗೆದುಕೊಳ್ಳಿ. ಡಿಸ್ಟ್ರಿಬ್ಯೂಟರಿನ ಮೈಯಿಂದ ಕೇಸಿನ ಮೇಲಕ್ಕೆ ಹಾಯುವಂತೆ ಮೊಳೆಯಿಂದ ಒಂದು ಗೀರು ಹಾಕಿ. ಅದು ಹೊರಗಿರುವಷ್ಟು ಹೊತ್ತು ಯಾರೂ ಎಂಜಿನ್ ತಿರುಗಿಸಕೂಡದು, ಗೇರಿನಲ್ಲಿಟ್ಟು ಕಾರನ್ನು ತಳ್ಳಲೂಕೂಡದು. ಎಳೆಯುವಾಗ ಗೇರಿನ ಹಲ್ಲುಗಳ ಓರೆಯಿಂದ ರೋಟರ್ ಸ್ವಲ್ಪ ತಿರುಗಬಹುದು. ಎಷ್ಟು ತಿರುಗಿತೆಂದೂ ಗುರುತಿಟ್ಟುಕೊಂಡರೆ ಮತ್ತೆ ಕೂರಿಸುವಾಗ ಅಷ್ಟೇ ಹಿಂದಿನಿಂದ ಶುರುಮಾಡಬಹುದು. ಹಳೆಯ ರಿಂಗನ್ನು ಅಂಗಡಿಗೆ ಒಯ್ದು, ಅದೇ ಅಳತೆಯ, ಆಯಿಲಿಗೆ ತಡೆಯುವ ರಬ್ಬರಿನದ್ದನ್ನೇ ಕೇಳಿ. ನಲ್ಲಿಗೆ ಹಾಕುವ ಓ-ರಿಂಗ್ ಅಳತೆಗೆ ಸರಿಹೊಂದಿದರೂ ಬೇಡ. ಆಯಿಲಿನಲ್ಲಿ ಊದಿಕೊಳ್ಳುವ ರಬ್ಬರ್ ಅದಾಗಿರಬಹುದು. ಹೊಸ ರಿಂಗಿಗೆ ಎಂಜಿನ್ ಆಯಿಲ್ ಸವರಿ ಕೂರಿಸಿ, ಕೊನೆಗೆ ಟೈಮಿಂಗ್ ಲೈಟ್ ಇರುವ ಕಡೆ ಒಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರಿಂದ

ನಾನೇ ಬಿಚ್ಚುವ ಧೈರ್ಯವಾಗದೆ, ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆಸಿ, ಪಕ್ಕದಲ್ಲಿ ನಿಂತು ಮಾಡಿಸಿದೆ. ಹಳೆಯ ಓ-ರಿಂಗ್ ಬೆರಳಿನಿಂದ ಬಗ್ಗಿಸಿದ ಕೂಡಲೇ ಎರಡು ತುಂಡಾಯಿತು. ಟ್ಯಾಪೆಟ್ ಕವರನ್ನೂ ಬಿಚ್ಚಿ, ಸಿಲಿಕೋನನ್ನೆಲ್ಲ ಕೆರೆದು, ಹೊಸ ಪ್ಯಾಕಿಂಗನ್ನು ಪೇಸ್ಟ್ ಇಲ್ಲದೆ ಹಾಕಿದರು. ಬಿಡಿಭಾಗಗಳಿಗೂ ಕೂಲಿಗೂ ಸೇರಿ ಸಾವಿರದ ನೂರು ರೂಪಾಯಿಯಾಯಿತು. ಬಿದ್ದ ಸಿಲಿಕೋನ್ ಚೂರುಗಳು ಒಳಗೆ ಉಳಿಯದಿರಲೆಂದು ಆಯಿಲನ್ನೂ ಫಿಲ್ಟರನ್ನೂ ಬದಲಿಸಿದ್ದೇನೆ. ಹಳೆಯ ಆಯಿಲನ್ನು ಮೋರಿಗೆ ಸುರಿಯದೆ, ಕ್ಯಾನಿನಲ್ಲಿ ತುಂಬಿ ಸಂಗ್ರಹಿಸುವವರಿಗೇ ಕೊಟ್ಟೆವು.

ಹತ್ತು ದಿನವಾಯಿತು. ಬೆಲ್ ಹೌಸಿಂಗಿನ ಸಂದಿ ಒಣಗಿದೆ. ಆದರೆ ಕೆಳಗಿನ ಆಯಿಲ್ ಸಂಪಿನ (ಆಯಿಲ್ ತುಂಬಿರುವ ತಟ್ಟೆಯ) ಅಂಚಿನಲ್ಲಿ ಬೆವರಿದಂತೆ ತೆಳುವಾದ ತೇವ ಕಾಣುತ್ತಿದೆ, ಹನಿಯಾಗಿ ಬೀಳುತ್ತಿಲ್ಲ. ಇದಕ್ಕೂ ಈಗಲೇ ಕೈಹಾಕಬೇಕೇ?

ಉತ್ತರ (ಮಲ್ಲೇಶ್ವರದಿಂದ)

ಹನಿಯಾಗದ ತೇವಕ್ಕಾಗಿ ಸಂಪ್ ಇಳಿಸಬೇಡಿ. ಬೋಲ್ಟುಗಳು ಸಡಿಲವಾಗಿವೆಯೇ ಎಂದು 10 ನಂಬರಿನ ಸ್ಪ್ಯಾನರಿನಿಂದ ಹಗುರವಾಗಿ ನೋಡಿದರೆ ಸಾಕು. ಬಲ ಹಾಕಿ ಬಿಗಿದರೆ ತೆಳು ತಗಡಿನ ಅಂಚು ಬೋಲ್ಟಿನ ಸುತ್ತ ಒಳಕ್ಕೆ ತಗ್ಗಿ, ಎರಡು ಬೋಲ್ಟುಗಳ ನಡುವೆ ಉಬ್ಬಿ, ಇಲ್ಲದ ಸೋರಿಕೆ ಶುರುವಾಗುತ್ತದೆ. ನಮ್ಮ ಊರಿನ ಹಂಪುಗಳಿಗೆ ಸಂಪ್ ತಾಗಿ ಪೆಟ್ಟಾಗಿದೆಯೇ ಎಂದೂ ಒಮ್ಮೆ ಕೆಳಗಿನಿಂದ ನೋಡಿ.

ಹಾಸನಕ್ಕೆ ಹೊರಡುವ ಮುನ್ನ ಸಮತಟ್ಟಾದ ಜಾಗದಲ್ಲಿ ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ನೋಡಿ, ಕುಣಿಗಲ್ಲಿನಲ್ಲಿ ನಿಂತಾಗ ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಈಗ ಹಾಕಿರುವ ಆಯಿಲನ್ನೇ ಒಂದು ಲೀಟರ್ ಡಿಕ್ಕಿಯಲ್ಲಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಕೂರಬೇಡಿ. ಅದು ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ, ಒತ್ತಡ ಬಿದ್ದುಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಆ ಕ್ಷಣವೇ ಎಂಜಿನ್ ಆರಿಸಬೇಕು.

ಪ್ರಶ್ನೆ ಕೇಳಿದವರಿಂದ

ಹಾಸನಕ್ಕೆ ಹೋಗಿ ನಿನ್ನೆ ರಾತ್ರಿ ವಾಪಸು ಬಂದೆವು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹೊರಡುವಾಗ ಎಲ್ಲಿತ್ತೋ ಅಲ್ಲಿಯೇ ಇದೆ. ಸಂಪಿನ ತೇವವೂ ಹೆಚ್ಚಿಲ್ಲ, ಪೆಟ್ಟಾದ ಗುರುತೂ ಇಲ್ಲ. ಬೆಳಗ್ಗೆ ಎದ್ದು ರಟ್ಟನ್ನು ಹೊರಗೆಳೆದು ನೋಡಿದೆ, ಹೊಸ ಕಲೆ ಒಂದೂ ಇರಲಿಲ್ಲ.