ಅಜ್ಜಿ ಮನೆ ಪಟದಲ್ಲಿರುವ ಕೆಂಪು ಕೋಟಿನ ದೊರೆ ಯಾರು?

ಗಂಜಾಮಿನ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿದೆ. ಹೋದ ತಿಂಗಳು ಸುಣ್ಣ ಬಳಿಸೋಕೆ ಅಂತ ಪಡಸಾಲೆಯ ಪಟಗಳನ್ನೆಲ್ಲ ಇಳಿಸಿದೆವು. ಚಾಮುಂಡಿ ಪಟ, ನಾಲ್ವಡಿಯವರ ಪಟ, ತಾತ ಅಜ್ಜಿಯ ಮದುವೆ ಫೋಟೊ. ಇವುಗಳ ಜೊತೆ ನಾನು ಚಿಕ್ಕಂದಿನಿಂದ ನೋಡುತ್ತಾ ಬಂದ ಇನ್ನೊಂದು ಪಟ ಇದೆ. ಅದರ ಬಗ್ಗೆ ತಿಳಿದವರು ಹೇಳಿ.

ಕೆಂಪು ಕೋಟು ತೊಟ್ಟ ದಪ್ಪ ಮೈಯ ದೊರೆ, ಎದೆ ಮೇಲೆ ನಕ್ಷತ್ರದಂಥ ಪದಕ. ಎದುರಿಗೆ ಇಬ್ಬರು ಸಣ್ಣ ಹುಡುಗರು, ಬಿಳಿ ನಿಲುವಂಗಿ, ಕೊರಳಲ್ಲಿ ಮುತ್ತಿನ ಸರ. ದೊರೆ ಅವರ ಕೈ ಹಿಡಿದಿದ್ದಾನೆ. ಸುತ್ತ ಸಿಪಾಯಿಗಳು, ಹಿಂದೆ ಆನೆ. ಕೆಳಗಿದ್ದ ಇಂಗ್ಲಿಷ್ ಬರಹವನ್ನು ಗೆದ್ದಲು ತಿಂದುಬಿಟ್ಟಿದೆ. ಅಜ್ಜಿ ಇದನ್ನು "ಅಡ ಇಟ್ಟ ಮಕ್ಕಳ ಪಟ" ಅಂತಲೇ ಕರೆಯೋದು. ಸುಲ್ತಾನರ ಮಕ್ಕಳಂತೆ. ನಾನು ಚಿಕ್ಕವಳಿದ್ದಾಗ ಹಟ ಮಾಡಿದರೆ ಈ ಪಟ ತೋರಿಸಿ, "ನೋಡು, ಆ ಮಕ್ಕಳು ಅಪ್ಪ ಅಮ್ಮನ್ನ ಬಿಟ್ಟು ಹೋದವು, ಅಳಲಿಲ್ಲ" ಅನ್ನೋರು.

ದೊರೆ ಯಾರು? ಇದನ್ನು ಬರೆದವನು ಕಣ್ಣಾರೆ ನೋಡಿ ಬರೆದನಾ, ಊಹೆ ಮಾಡಿದನಾ? ಮಾವನ ಮಗ ಇದು ಇನ್ನೂರು ವರ್ಷದ ಹಳೇದು, ಬೆಂಗಳೂರಲ್ಲಿ ಮಾರೋಣ ಅಂತಿದ್ದಾನೆ. ಅಜ್ಜಿಗೆ ಇಷ್ಟ ಇಲ್ಲ.

ಡ್ರಾಯಿಂಗ್ ಮೇಷ್ಟ್ರು:

ತಾಯಿ, ನಾನು ಮಂಡ್ಯ ಕಡೆ ಹೈಸ್ಕೂಲಿನಲ್ಲಿ 31 ವರ್ಷ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತನಾದವನು. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ನಿಮ್ಮೂರಿಗೆ ಕರೆತಂದು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಗೋಡೆ ಎದುರು ಕೂರಿಸುತ್ತಿದ್ದೆ. ನಿಮ್ಮ ಪಟದ ಕಥೆ ನನಗೆ ಬಹಳ ಹತ್ತಿರದ್ದು.

ಆ ದೊರೆ ಲಾರ್ಡ್ ಕಾರ್ನ್‌ವಾಲಿಸ್. ಆಗ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ಲೂ ಅವನೇ, ದಂಡಿನ ಕಮಾಂಡರ್ ಇನ್ ಚೀಫೂ ಅವನೇ. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆ ಹಿಡಿದ, 21ರಂದು ಕೋಟೆ ಹಿಡಿದ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಪಾಳೆಯದ ಮೇಲೆ ಬಿದ್ದ. ಕೊನೆಗೆ ಟಿಪ್ಪು ಒಪ್ಪಂದಕ್ಕೆ ಬರಬೇಕಾಯಿತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ. ದುಡ್ಡು ತೀರುವ ತನಕ ಇಬ್ಬರು ಮಕ್ಕಳು ಒತ್ತೆ. ಅಬ್ದುಲ್ ಖಾಲಿಕನಿಗೆ ಹತ್ತರ ಆಸುಪಾಸು, ಮುಯಿಜುದ್ದೀನನಿಗೆ ಎಂಟು. ಫೆಬ್ರವರಿ ಕೊನೆಯಲ್ಲಿ ಸಿಂಗರಿಸಿದ ಆನೆಗಳ ಮೇಲೆ ಅವರನ್ನು ಕಳಿಸಿಕೊಟ್ಟರು, ಕೋಟೆಯಿಂದ ತೋಪು ಹಾರಿಸಿದರು. ಕಾರ್ನ್‌ವಾಲಿಸ್ ಡೇರೆ ಬಾಗಿಲಲ್ಲಿ ಅಪ್ಪಿಕೊಂಡು, ಕೈ ಹಿಡಿದು ಒಳಗೆ ಕರೆದೊಯ್ದು, ಒಬ್ಬೊಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಮಕ್ಕಳನ್ನು ಮದ್ರಾಸಿನಲ್ಲಿ ಇಟ್ಟುಕೊಂಡು 1794ರಲ್ಲಿ ವಾಪಸ್ ಕಳಿಸಿದರು.

ಅಡ ಅನ್ನೋ ಮಾತನ್ನು ಅಜ್ಜಿ ಬಿಡದೇ ಇರಲಿ. ಇಂಗ್ಲಿಷಿನವರು ಈ ಚಿತ್ರಕ್ಕೆ ಇಟ್ಟ ಹೆಸರಲ್ಲೂ ಒತ್ತೆ ಅನ್ನೋ ಮಾತಿದೆ. ಆದರೆ ಕ್ರಿಯಾಪದ ನೋಡಿ: "ಬರಮಾಡಿಕೊಂಡದ್ದು". ಬರಮಾಡಿಕೊಳ್ಳೋದು ನೆಂಟರನ್ನು. ಸಾಲಕ್ಕೆ ಇಟ್ಟುಕೊಂಡ ಮಕ್ಕಳಿಗೆ ಅಜ್ಜಿಯ ಮಾತೇ ಸರಿ.

ಇನ್ನು ಬರೆದವನು. ಈ ಸಂದರ್ಭವನ್ನು ಒಬ್ಬನಲ್ಲ, ಹಲವರು ಬರೆದಿದ್ದಾರೆ. ಮೇದರ್ ಬ್ರೌನ್ ಬರೆದ, ಹೆನ್ರಿ ಸಿಂಗಲ್ಟನ್ ಬರೆದ. ಇಬ್ಬರೂ ಇಂಡಿಯಾಕ್ಕೆ ಕಾಲಿಟ್ಟವರಲ್ಲ. ಲಂಡನ್ನಿನಲ್ಲಿ ಕೂತು, ಕೇಳಿದ್ದನ್ನು ಓದಿದ್ದನ್ನು ಇಟ್ಟುಕೊಂಡು ಬರೆದರು. ಅಲ್ಲಿಯೇ ಇದ್ದವನು ರಾಬರ್ಟ್ ಹೋಮ್. 1791ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದು, ಅನುಮತಿ ಪಡೆದು ದಂಡಿನ ಜೊತೆಯೇ ಹೊರಟ. ಬೆಂಗಳೂರು ಕೋಟೆ, ಸಾವನದುರ್ಗ, ಹುತ್ರಿದುರ್ಗ ಎಲ್ಲವನ್ನೂ ಸ್ಥಳದಲ್ಲೇ ಗೀಚಿಕೊಂಡವನು. ಅವನ ದೊಡ್ಡ ಎಣ್ಣೆಬಣ್ಣದ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ನಿಮ್ಮ ಪಟ ಯಾರ ಚಿತ್ರದ ನಕಲು ಅಂತ ನೋಡೋಕೆ ಒಂದು ಉಪಾಯ ಇದೆ. ಎಡಗಡೆ ತುದಿಯಲ್ಲಿ, ಗುಂಪಿನ ಅಂಚಿಗೆ, ಕಂಕುಳಲ್ಲಿ ಚಿತ್ರದ ಕಾಗದಗಳ ಕಟ್ಟು ಇಟ್ಟುಕೊಂಡು ನಿಂತವನೊಬ್ಬ ಇದ್ದಾನಾ? ಇದ್ದರೆ ಅವನೇ ಹೋಮ್. ತನ್ನನ್ನೂ ಚಿತ್ರದೊಳಗೆ ನಿಲ್ಲಿಸಿಕೊಂಡಿದ್ದಾನೆ. ನಾನು ಇದನ್ನು ಮಕ್ಕಳಿಗೆ ತಪ್ಪದೇ ಹೇಳುತ್ತಿದ್ದೆ.

ಹಳೇ ಕಾಗದ:

ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ನಾನು ಹಳೇ ಅಚ್ಚಿನ ಚಿತ್ರಗಳನ್ನು ಕೂಡಿಡುವವನು. ಮಾರೋ ಮಾತಿಗೆ ಮುಂಚೆ ಒಂದು ಭೂತಗನ್ನಡಿ ತಗೊಂಡು ದೊರೆಯ ಕೆನ್ನೆ ನೋಡಿ. ಗೆರೆಗಳು ಕಂಡರೆ ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ್ದಿರಬಹುದು. ಚುಕ್ಕಿ ಕಂಡರೆ ಅವಸರಪಡಬೇಡಿ, ಆ ಕಾಲದಲ್ಲೂ ಚುಕ್ಕಿ ಹೊಡೆದೇ ಕೊರೆಯುವ ಪದ್ಧತಿ ಇತ್ತು. ಆದರೆ ಆ ಚುಕ್ಕಿಗಳು ಕೈಯಲ್ಲಿ ಹೊಡೆದವು. ಒಂದು ದಪ್ಪ, ಒಂದು ಸಣ್ಣ, ಮುಖದ ಉಬ್ಬುತಗ್ಗಿನ ಜೊತೆ ಬಾಗುತ್ತವೆ. ರಾಗಿ ಪೈರಿನ ಸಾಲಿನ ಹಾಗೆ ಒಂದೇ ಅಳತೆಯಲ್ಲಿ ಇಡೀ ಹಾಳೆ ತುಂಬಿದ್ದರೆ ಅದು ಫೋಟೊ ಬ್ಲಾಕಿನ ಅಚ್ಚು, ಪುಸ್ತಕದಿಂದಲೋ ಮ್ಯಾಗಝೀನಿನಿಂದಲೋ ಕತ್ತರಿಸಿದ ಹಾಳೆ. ತಾಮ್ರದ ತಗಡಿನದ್ದಾದರೆ, ಅಂಚು ಕತ್ತರಿಸದೇ ಉಳಿದಿದ್ದಲ್ಲಿ, ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಕಾಣುತ್ತೆ.

ಗಾಜು ಬಿಚ್ಚಬೇಡಿ. ಹಾಳೆ ಗಾಜಿಗೆ ಅಂಟಿಕೊಂಡಿದ್ದರೆ ಬಣ್ಣ ಎದ್ದು ಬರುತ್ತೆ.

ಕಾವೇರಿ ದಂಡೆ:

ನನಗೊಂದು ಮಾತು ಹೇಳಬೇಕು ಅನ್ನಿಸಿತು, ಬೇಜಾರಾಗಬೇಡಿ. ನಮ್ಮ ನಾಡನ್ನು ಸುಟ್ಟು, ಹಂಚಿಕೊಂಡ ದಂಡಿನ ನಾಯಕನ ಪಟವನ್ನು ಚಾಮುಂಡಿ ಪಟದ ಪಕ್ಕ ಯಾಕೆ ತೂಗುಹಾಕಬೇಕು? ಅದೂ ಅವನು ದೇವರಂಥ ಮನುಷ್ಯ ಅನ್ನೋ ಹಾಗೆ ಬರೆದ ಪಟ. ಟಿಪ್ಪು ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಈ ಚಿತ್ರ ಗೆದ್ದವರು ತಮಗೋಸ್ಕರ ಬರೆಸಿಕೊಂಡದ್ದು.

ಗಂಜಾಮಿನ ಮೊಮ್ಮಗಳು:

ಮೇಷ್ಟ್ರೇ, ಇದ್ದಾನೆ! ಎಡಗಡೆ ತುದಿಯಲ್ಲಿ ಕಟ್ಟು ಹಿಡಿದವನು ಇದ್ದಾನೆ. ಇಷ್ಟು ವರ್ಷ ಅವನನ್ನು ಯಾರೋ ಗುಮಾಸ್ತ ಅಂದುಕೊಂಡಿದ್ದೆ. ಅಜ್ಜಿಗೆ ತೋರಿಸಿದರೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಹಳೇ ಕಾಗದದವರೇ, ಭೂತಗನ್ನಡಿಯಲ್ಲಿ ನೋಡಿದೆ. ಚುಕ್ಕಿಗಳು ರಾಗಿ ಸಾಲಿನ ಹಾಗೇ ಇವೆ, ಆಕಾಶದಲ್ಲೂ ಒಂದೇ ಅಳತೆ, ಆನೆ ಮೈಮೇಲೂ ಒಂದೇ ಅಳತೆ. ಮಾವನ ಮಗನಿಗೆ ಹೇಳಿದ್ದೇನೆ, ಇನ್ನು ಮಾರೋ ಮಾತು ಬರಲ್ಲ.

ಕಾವೇರಿ ದಂಡೆಯವರೇ, ನೀವು ಕೇಳಿದ್ದು ನನಗೂ ಚುಚ್ಚಿತು. ಅಜ್ಜಿಯನ್ನು ಕೇಳಿದೆ. "ನಾನು ದೊರೆ ನೋಡೋಕೆ ಹಾಕಿದ್ದಲ್ಲ ಕಣೇ, ಮಕ್ಕಳನ್ನ ನೋಡೋಕೆ" ಅಂದರು. ನನಗೆ ಅದಕ್ಕಿಂತ ಹೆಚ್ಚು ಹೇಳೋಕೆ ಗೊತ್ತಿಲ್ಲ. ಮೇಷ್ಟ್ರು ಹೇಳಲಿ.

ಡ್ರಾಯಿಂಗ್ ಮೇಷ್ಟ್ರು:

ಕಾವೇರಿ ದಂಡೆಯವರ ಮಾತನ್ನು ನಾನು ತಳ್ಳಿಹಾಕಲ್ಲ. ಇದು ಗೆದ್ದವರ ಚಿತ್ರ ಅನ್ನೋದು ಖಂಡಿತ. ಹೋಮ್ ಸ್ಥಳದಲ್ಲಿದ್ದ ಅಂದಮಾತ್ರಕ್ಕೆ ಕಂಡದ್ದೆಲ್ಲ ಬರೆದ ಅಂತ ಅಲ್ಲ. ಯುದ್ಧದಲ್ಲಿ ಒಬ್ಬ ದಂಡನಾಯಕ ಸಾವಿರ ಗಳಿಗೆ ಇರುತ್ತಾನೆ. ಅದರಲ್ಲಿ ಯಾವ ಗಳಿಗೆ ಚಿತ್ರವಾಗುತ್ತೆ, ಯಾವುದು ಆಗಲ್ಲ ಅನ್ನೋದನ್ನೇ ನಾನು ಮಕ್ಕಳಿಗೆ ಕೇಳುತ್ತಿದ್ದದ್ದು.

ಇದೇ ಕಾರ್ನ್‌ವಾಲಿಸ್ 1791ರ ಮೇ ತಿಂಗಳಲ್ಲೂ ಶ್ರೀರಂಗಪಟ್ಟಣದ ಬಾಗಿಲ ತನಕ ಬಂದಿದ್ದ. ಮೇ 15ರಂದು ಅರಕೆರೆ ಹತ್ತಿರ ಕಾಳಗದಲ್ಲಿ ಗೆದ್ದ. ಆದರೂ ಕೋಟೆಗೆ ಲಗ್ಗೆ ಹಾಕೋಕೆ ಆಗಲಿಲ್ಲ. ಮುಂಗಾರು ಶುರುವಾಯಿತು, ಮೇವು ಇಲ್ಲ, ಅಕ್ಕಿ ಇಲ್ಲ, ದಂಡಿನಲ್ಲಿ ಸಿಡುಬು. ತೋಪು ಎಳೆಯುವ ಎತ್ತುಗಳು ರಾಶಿ ರಾಶಿ ಸತ್ತವು. ಎತ್ತಿಲ್ಲದೆ ತೋಪು ಕದಲುತ್ತಾ? ಕನ್ನಂಬಾಡಿಯಲ್ಲಿ ತನ್ನ ಭಾರಿ ತೋಪುಗಳನ್ನು ತಾನೇ ಒಡೆಸಿ ಹಾಳುಮಾಡಿ, ಮದ್ದುಗುಂಡು ಹೂತುಹಾಕಿಸಿ ಬೆಂಗಳೂರಿಗೆ ತಿರುಗಿದ. ಆ ಹಳೇ ಕನ್ನಂಬಾಡಿ ಈಗ ಕೆಆರ್‌ಎಸ್ ನೀರಿನಡಿ ಇದೆ. ನಾನು ಅಣೆಕಟ್ಟೆ ಮೇಲೆ ನಿಂತಾಗಲೆಲ್ಲ ನೆನಪಾಗೋದು ಆ ಎತ್ತುಗಳೇ. ಅವು ನಮ್ಮ ಕಡೆಯ ಎತ್ತುಗಳೇ ಇರಲಿ, ಮದ್ರಾಸ್ ಕಡೆಯ ಕರ್ನಾಟಿಕ್‌ ಸೀಮೆಯಿಂದ ಹೊಡೆದುಕೊಂಡು ಬಂದವೇ ಇರಲಿ, ಮೂಕಪ್ರಾಣಿ. ರೈತನ ಮಗ ನಾನು, ಈ ಯುದ್ಧದಲ್ಲಿ ನನ್ನ ಕಣ್ಣಿಗೆ ಮೊದಲು ಬೀಳೋದು ಅವು.

ಆ ಹಿಂದಿರುಗುವಿಕೆಗೆ ಸಿಂಗಲ್ಟನ್ ಥರದವರು ಕುಂಚ ಎತ್ತಲಿಲ್ಲ. ಗಿಲ್ರೇ ಅನ್ನೋ ಲಂಡನ್ನಿನ ವ್ಯಂಗ್ಯಚಿತ್ರಕಾರ ಮಾತ್ರ ಅದೇ ಡಿಸೆಂಬರಿನಲ್ಲಿ ಒಂದು ಚಿತ್ರ ತಂದ. ಟಿಪ್ಪು ಕೋಟೆ ಮೇಲಿಂದ ಉಚ್ಚೆ ಹೊಯ್ಯುತ್ತಿದ್ದಾನೆ, ಕೆಳಗೆ ಕಾರ್ನ್‌ವಾಲಿಸ್ ಓಡುತ್ತಿದ್ದಾನೆ. ಅವನ ಊರಿನವರೇ ಅವನನ್ನು ಹಾಗೆ ಕಂಡ ಎರಡೇ ತಿಂಗಳಿಗೆ ಫೆಬ್ರವರಿ ಬಂತು. ಅದಕ್ಕೂ ಹಿಂದೆ, 1781ರಲ್ಲಿ, ಅಮೆರಿಕಾದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಸೋತು ಶರಣಾದವನು ಇವನೇ. ಅಲ್ಲಿನ ಕ್ಯಾಪಿಟಲ್ ಕಟ್ಟಡದಲ್ಲಿ ಆ ಶರಣಾಗತಿಯ ದೊಡ್ಡ ಚಿತ್ರ ಇದೆ, ಹೆಸರು ಕಾರ್ನ್‌ವಾಲಿಸ್‌ನದ್ದು, ಚಿತ್ರದಲ್ಲಿ ಅವನಿಲ್ಲ. ಆ ದಿನ ಮೈ ಹುಷಾರಿಲ್ಲ ಅಂತ ಓಹಾರ ಅನ್ನೋ ತನ್ನ ಕೈಕೆಳಗಿನವನನ್ನು ಕಳಿಸಿದ್ದ. ಹೀಗೆ ಸೋತ ಚಿತ್ರದಲ್ಲಿ ಇಲ್ಲದವನು ಗೆದ್ದ ಚಿತ್ರದ ನಟ್ಟನಡುವೆ ಮಕ್ಕಳ ಕೈ ಹಿಡಿದು ನಿಂತ. ಇಂಗ್ಲಿಷಿನವರಿಗೆ ಈ ಚಿತ್ರ ಎಷ್ಟು ಬೇಕಾಗಿತ್ತು ಅಂದರೆ, ಮದ್ರಾಸಿಗೆ ಕಳಿಸಿದ ಕಾರ್ನ್‌ವಾಲಿಸ್ ಶಿಲಾಪ್ರತಿಮೆಯ ಪೀಠದಲ್ಲೂ ಈ ಮಕ್ಕಳನ್ನೇ ಕೆತ್ತಿಸಿದರು. ಥಾಮಸ್ ಬ್ಯಾಂಕ್ಸ್ ಕೆತ್ತಿದ್ದು. ಈಗ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂನಲ್ಲಿದೆ, ನಾನು ಹೋಗಿ ನೋಡಿದ್ದೇನೆ.

ಈಗ ನಿಮ್ಮ ಮನೆಯಿಂದ ಕೂಗಳತೆ ದೂರದ ದರಿಯಾ ದೌಲತ್ತಿಗೆ ಬನ್ನಿ. ಪಶ್ಚಿಮದ ಗೋಡೆಯಲ್ಲಿ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕಾಳಗ. ಟಿಪ್ಪು ಬರೆಸಿದ್ದು. ಕೆಂಪು ಕೋಟಿನವರು ಚೌಕ ಕಟ್ಟಿ ನಿಂತಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ. ಅವನು ಆ ಕಾಳಗದಲ್ಲಿ ಕಂಪನಿ ತುಕಡಿಯ ಮುಖ್ಯಸ್ಥ. ಸೆರೆಸಿಕ್ಕಿ ನಿಮ್ಮೂರಲ್ಲೇ 1782ರಲ್ಲಿ ಸತ್ತ. ಗುಂಬಜ್ ಹತ್ತಿರ ಅವನ ಸ್ಮಾರಕ ಇದೆ. ಆ ಗೋಡೆಯೂ ಗೆದ್ದವರ ಚಿತ್ರವೇ. ಅಲ್ಲೂ ಒಂದೇ ಗಳಿಗೆ ಆರಿಸಿದ್ದಾರೆ. ಆಮೇಲೆ ಗೆದ್ದ ಇಂಗ್ಲಿಷರೇ, ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ, ಮಾಸಿದ್ದ ಅದನ್ನು ಮತ್ತೆ ಬರೆಸಿದರು. ತಮ್ಮವನು ಸೋತ ಚಿತ್ರವನ್ನು ಉಳಿಸಿದ್ದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ, ಹೇಳೋಕೆ ಹಿಂಜರಿಕೆ ಇಲ್ಲ.

ನನ್ನ ಮಕ್ಕಳಿಗೆ ನಾನು ಕೊಡುತ್ತಿದ್ದ ಕೆಲಸ ಇಷ್ಟೇ. ಗೋಡೆಯಲ್ಲಿ ಕರ್ನಲ್ ಬೇಲಿಯ ಮುಖ ನೋಡಿ ಬರೆಯಿರಿ, ಆಮೇಲೆ ಕಾರ್ನ್‌ವಾಲಿಸ್ ಚಿತ್ರದಲ್ಲಿ ಚಿಕ್ಕ ಹುಡುಗನ ಮುಖ ನೋಡಿ ಬರೆಯಿರಿ. ದಂಡನಾಯಕನ ಮುಖ ಬೇಡ. ಒಬ್ಬ ಹುಡುಗಿ, ಈಗ ಅವಳೇ ಟೀಚರ್, ಮುಯಿಜುದ್ದೀನನ ಕೈಯನ್ನು ಮಾತ್ರ ಬರೆದು ತಂದಿದ್ದಳು. ದೊಡ್ಡ ಕೈಯೊಳಗೆ ಸಣ್ಣ ಕೈ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಪಟವನ್ನು ತೆಗೆಯಬೇಡಿ ತಾಯಿ. ಬಿಸಿಲು ಬೀಳದ ಗೋಡೆಗೆ ಹಾಕಿ, ಹಿಂದೆ ಗೆದ್ದಲು ಬಾರದ ಹಾಗೆ ನೋಡಿಕೊಳ್ಳಿ.

ಕಾವೇರಿ ದಂಡೆ:

ಮೇಷ್ಟ್ರೇ, ಕನ್ನಂಬಾಡಿ ವಿಷಯ ನನಗೆ ಗೊತ್ತಿರಲಿಲ್ಲ. ಅಜ್ಜಿ ಹೇಳಿದ ಮಾತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಗಂಜಾಮಿನ ಮೊಮ್ಮಗಳು:

ತಿಳಿಸಿದೆ. ಸುಣ್ಣ ಒಣಗಿತು, ನಿನ್ನೆ ಪಟಗಳನ್ನು ಮತ್ತೆ ಹಾಕಿದೆವು. ಇದನ್ನು ಅಜ್ಜಿ ಮಂಚದ ಎದುರು, ಬಿಸಿಲು ಬೀಳದ ಕಡೆ ಹಾಕಿದ್ದೇನೆ. ಚೌಕಟ್ಟಿನ ಹಿಂದೆ ತಾತನ ಕೈಬರಹ ಸಿಕ್ಕಿತು, ಪೆನ್ಸಿಲಿನಲ್ಲಿ: "ಕಟ್ಟು ಹಾಕಿಸಿದ್ದು, ಹನ್ನೆರಡಾಣೆ". ಗೆದ್ದಲು ತಿಂದ ಅಡಿಬರಹದ ಜಾಗಕ್ಕೆ ಒಂದು ಬಿಳಿ ಚೀಟಿ ಅಂಟಿಸೋಣ ಅಂತ ಗಾಜಿನ ಹೊರಗೆ ಅಂಟಿಸಿದೆ. ಏನು ಬರೆಯಲಿ ಅಂತ ಅಜ್ಜಿಯನ್ನು ಕೇಳಿದೆ. ಇಬ್ಬರು ಮಕ್ಕಳ ಹೆಸರು ಬರೆಸಿದರು, ಹೇಗೆ ಹೇಳೋದು ಅಂತ ಎರಡು ಸಲ ಕೇಳಿ ತಿಳಿದುಕೊಂಡರು.